ಬೀಜಕ್ಕೆ ಬಿಸಿ: ಲದ್ದಿಯಿಂದ ಬಲ್ಬಿನವರೆಗೆ

ಟೊಮೇಟೊ, ಮೆಣಸಿನಕಾಯಿ ಬೀಜಗಳು ಚೆನ್ನಾಗಿ ಮೊಳೆಯಲು ಮಣ್ಣಿನ ಉಷ್ಣತೆ ಸುಮಾರು 25ರಿಂದ 30 ಡಿಗ್ರಿ ಸೆಲ್ಸಿಯಸ್ ಇರಬೇಕು. ನಮ್ಮ ಬಯಲುಸೀಮೆಯಲ್ಲಿ ವರ್ಷದ ಬಹುಕಾಲ ಇದು ತಾನಾಗಿಯೇ ದೊರೆಯುತ್ತದೆ. ಹಿಮ ಬೀಳುವ ನಾಡುಗಳಲ್ಲಿ ಹಾಗಲ್ಲ. ಅಲ್ಲಿ ಬೇಸಿಗೆ ಚಿಕ್ಕದು. ಹಿಮ ಕರಗಿದ ಮೇಲೆ ಬಿತ್ತಿದರೆ ಕಾಯಿ ಹಣ್ಣಾಗುವ ಮೊದಲೇ ಮತ್ತೆ ಚಳಿ ಬರಬಹುದು. ಆದ್ದರಿಂದ ಚಳಿಗಾಲ ಮುಗಿಯುವ ಮುನ್ನವೇ ಬಿಸಿ ಪೆಟ್ಟಿಗೆಯಲ್ಲಿ ಸಸಿ ಎಬ್ಬಿಸುವ ರೂಢಿ ಅಲ್ಲಿದೆ. ಪೆಟ್ಟಿಗೆಗೆ ಬಿಸಿ ಎಲ್ಲಿಂದ ಬಂತು ಎಂಬುದೇ ಅದರ ಇತಿಹಾಸ.

ಕ್ರಿ.ಶ. 14ರಿಂದ 37ರವರೆಗೆ ರೋಮ್ ಆಳಿದ ಟೈಬೀರಿಯಸ್‌ನಿಗೆ ಸೌತೆ ಜಾತಿಯ ಕಾಯಿ ಬಹಳ ಇಷ್ಟ. ಅದಕ್ಕಾಗಿ ಚಕ್ರಗಳ ಮೇಲಿನ ಮಡಿಗಳನ್ನು ಬಿಸಿಲಿಗೆ ಎಳೆಯುತ್ತಿದ್ದರು. ಚಳಿಯಲ್ಲಿ ಪಾರದರ್ಶಕ ಶಿಲೆಯ ಹಾಳೆಗಳನ್ನು ಹೊದಿಸುತ್ತಿದ್ದರು ಎಂದು ಪ್ಲಿನಿ ಬರೆದಿದ್ದಾನೆ.

ಬಿಸಿಲಿಲ್ಲದ ದಿನಗಳಿಗೆ ಒದಗಿದ್ದು ಕುದುರೆ ಲದ್ದಿ. 19ನೆಯ ಶತಮಾನದ ಪ್ಯಾರಿಸ್‌ನಲ್ಲಿ ಗಾಡಿ ಎಳೆಯುವ ಕುದುರೆಗಳು ಹೇರಳವಾಗಿದ್ದವು. ತರಕಾರಿ ಬೆಳೆಗಾರರು ಲಾಯದ ಹುಲ್ಲುಮಿಶ್ರಿತ ಲದ್ದಿಯನ್ನು ತಂದು, ಒಟ್ಟಿ ತುಳಿದು, ಮೇಲೆ ಮಣ್ಣು ಹರಡಿ ಗಾಜಿನ ಮುಚ್ಚಳ ಇಡುತ್ತಿದ್ದರು. ಹುಲ್ಲಿನ ಸಂದುಗಳಲ್ಲಿನ ಗಾಳಿಯನ್ನು ಬಳಸಿಕೊಂಡು ಬ್ಯಾಕ್ಟೀರಿಯಗಳು ಲದ್ದಿಯನ್ನು ಕೊಳೆಯಿಸುವಾಗ ಶಾಖ ಹೊಮ್ಮುತ್ತದೆ. ರಾಶಿಯ ಒಳಗೆ ಉಷ್ಣತೆ 60 ಡಿಗ್ರಿ ದಾಟುವುದೂ ಉಂಟು. ಆಗಲೇ ಬಿತ್ತಿದರೆ ಬೀಜ ಬೆಂದುಹೋಗುತ್ತದೆ! ಮೊದಲ ಕಾವು ಇಳಿಯುವವರೆಗೆ ಕಾಯುವುದೇ ಬೆಳೆಗಾರನ ಜಾಣತನವಾಗಿತ್ತು.

ಮೋಟಾರು ವಾಹನಗಳು ಬಂದವು, ಕುದುರೆಗಳು ನಗರ ಬಿಟ್ಟವು. ಲದ್ದಿಯೂ ವಿರಳವಾಯಿತು. 1920ರ ದಶಕದಲ್ಲಿ ನಾರ್ವೆ, ಸ್ವೀಡನ್‌ಗಳಲ್ಲಿ ಮಣ್ಣಿನಡಿ ವಿದ್ಯುತ್ ತಂತಿ ಹೂತು ಕಾಯಿಸುವ ಪ್ರಯೋಗಗಳು ನಡೆದವು. ಕಾಯುವ ಕೆಲಸವನ್ನು ಥರ್ಮೋಸ್ಟಾಟ್ ವಹಿಸಿಕೊಂಡಿತು. 1830ರಲ್ಲಿ ಆಂಡ್ರೂ ಯೂರ್ ಪೇಟೆಂಟ್ ಪಡೆದ ಸಾಧನದ ತತ್ತ್ವ ಸರಳ: ಬೆಸೆದ ಎರಡು ಲೋಹದ ಪಟ್ಟಿಗಳು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಬಾಗುತ್ತವೆ. ಆ ಬಾಗುವಿಕೆಯಿಂದಲೇ ವಿದ್ಯುತ್ ಮಂಡಲವನ್ನು ಕಡಿಯಬಹುದು.

ಮನೆಯಲ್ಲೇ ಪೆಟ್ಟಿಗೆ ಮಾಡಿಕೊಳ್ಳುವವರಿಗೆ ಇನ್ನೂ ಸುಲಭದ ದಾರಿಯಿತ್ತು: ಟ್ರೇ ಕೆಳಗೊಂದು ಟಂಗ್‌ಸ್ಟನ್ ಬಲ್ಬು. ಅದು ಬಳಸುವ ವಿದ್ಯುತ್ತಿನ ಶೇಕಡ 90ಕ್ಕಿಂತ ಹೆಚ್ಚು ಭಾಗ ಬೆಳಕಾಗದೆ ಶಾಖವಾಗುತ್ತದೆ. ದೀಪಕ್ಕೆ ದೋಷವಾದದ್ದು ಬೀಜಕ್ಕೆ ವರ!

ಈಗ ಆ ಬಲ್ಬಿಗೂ ಕುದುರೆಯ ಗತಿಯೇ ಬಂದಿದೆ. ಯುರೋಪಿನಲ್ಲಿ 2009ರಿಂದ ಅದನ್ನು ಹಂತಹಂತವಾಗಿ ಕೈಬಿಡಲಾಯಿತು. ಭಾರತದಲ್ಲಿ 2015ರಲ್ಲಿ ಆರಂಭವಾದ ಉಜಾಲಾ ಯೋಜನೆ ಎಲ್‌ಇಡಿಯನ್ನು ಮನೆಮನೆಗೆ ತಲುಪಿಸಿತು. ಹಳೆಯ ಪುಸ್ತಕ ನೋಡಿ ನೀವು ಪೆಟ್ಟಿಗೆ ಕಟ್ಟಿ, 60 ವ್ಯಾಟಿನ ಬಲ್ಬಿನ ಜಾಗದಲ್ಲಿ ಅಷ್ಟೇ ಬೆಳಕಿನ 9 ವ್ಯಾಟಿನ ಎಲ್‌ಇಡಿ ಹಾಕಿದರೆ ಏನಾಗುತ್ತದೆ? ಮುಚ್ಚಿದ ಪೆಟ್ಟಿಗೆಯಲ್ಲಿ ಬೆಳಕೂ ಕೊನೆಗೆ ಶಾಖವೇ ಆಗುತ್ತದೆ. ಆದರೂ ದೊರೆಯುವುದು 9 ವ್ಯಾಟ್ ಮಾತ್ರ. ಶಕ್ತಿ ಸಂರಕ್ಷಣಾ ನಿಯಮಕ್ಕೆ ರಿಯಾಯಿತಿ ಇಲ್ಲ.

ಹಾಗೆ ನೋಡಿದರೆ ಲದ್ದಿಯೂ ಬಲ್ಬಿನ ಶಾಖವೂ ಬೇರೊಂದು ಕೆಲಸದಲ್ಲಿ ಉಳಿದುಹೋದ ವಸ್ತುಗಳು. ಒಂದು ಸಾರಿಗೆಯದು, ಇನ್ನೊಂದು ದೀಪದ್ದು. ಆ ಕೆಲಸದ ವಿಧಾನ ಬದಲಾದಾಗಲೆಲ್ಲ ಬೀಜದ ಪೆಟ್ಟಿಗೆಯೂ ಬದಲಾಯಿತು.

ನಮ್ಮ ರೈತರಂತೂ ಹೊರಗಿನ ಬಿಸಿಯನ್ನೇ ಬೇಡದೆ, ನೆನೆಸಿದ ಭತ್ತವನ್ನು ಗೋಣಿಚೀಲದಲ್ಲಿ ಕಟ್ಟಿ ಹುಲ್ಲು ಮುಚ್ಚಿ ಮೊಳಕೆ ಬರಿಸುತ್ತಾರೆ. ಅಲ್ಲಿನ ಕಾವು ಬೀಜದ ಉಸಿರಾಟದ್ದು. ತರಗತಿಯಲ್ಲಿ ಪರೀಕ್ಷಿಸಿ: ಒಂದು ಫ್ಲಾಸ್ಕಿನಲ್ಲಿ ಮೊಳೆಯುತ್ತಿರುವ ಕಾಳು, ಇನ್ನೊಂದರಲ್ಲಿ ಬೇಯಿಸಿ ತಣಿಸಿದ ಕಾಳು ಹಾಕಿ. ಥರ್ಮಾಮೀಟರ್ ಇಟ್ಟು, ಬಾಯಿಗೆ ಹತ್ತಿ ತುರುಕಿ. ಮರುದಿನ ಎರಡರ ಉಷ್ಣತೆಯನ್ನೂ ಹೋಲಿಸಿ.