ಮಸುಕು ಗೆರೆಯ ಪ್ರಾಮಾಣ್ಯ: ಮನೆಯಲ್ಲಿ ಮಾಡಿಕೊಳ್ಳುವ ಗರ್ಭಪರೀಕ್ಷೆಯ ಮೊದಲ ದಿನಗಳನ್ನು ಕುರಿತು

ಒಂದು ವಸ್ತು ಇಲ್ಲವೆಂಬುದನ್ನು ನಾವು ಹೇಗೆ ಅರಿಯುತ್ತೇವೆ ಎಂಬ ಪ್ರಶ್ನೆಯನ್ನು ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಸೂಕ್ಷ್ಮವಾಗಿ ವಿಚಾರಮಾಡಿ, ಅನುಪಲಬ್ಧಿಯನ್ನು ಪ್ರತ್ಯಕ್ಷ, ಅನುಮಾನ ಮೊದಲಾದುವುಗಳ ಸಾಲಿನಲ್ಲಿ ಆರನೆಯ ಪ್ರಮಾಣವಾಗಿ ಅಂಗೀಕರಿಸಿದರು. ಆದರೆ ಅದಕ್ಕೊಂದು ಕಟ್ಟುಪಾಡನ್ನೂ ಇಟ್ಟರು. ವಸ್ತುವು ಅಲ್ಲಿ ಇದ್ದಿದ್ದರೆ ಕಾಣಿಸಿಯೇ ತೀರುತ್ತಿತ್ತು ಎಂಬ ಯೋಗ್ಯತೆಯಿದ್ದಾಗ ಮಾತ್ರ ಕಾಣದಿರುವಿಕೆಯು ಅಭಾವಕ್ಕೆ ಸಾಕ್ಷಿಯಾದೀತು. ಕತ್ತಲೆಯ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂದ ಮಾತ್ರಕ್ಕೆ ಗಡಿಗೆಯಿಲ್ಲವೆಂದು ನಿರ್ಣಯಿಸಲಾಗದು. ಯೋಗ್ಯಾನುಪಲಬ್ಧಿಯೆಂಬ ಈ ವಿಚಾರವನ್ನು ಇಲ್ಲಿ ಎತ್ತಿದುದಕ್ಕೆ ಕಾರಣವಿದೆ. ಮುಟ್ಟಿನ ದಿನ ಇನ್ನೂ ಬಾರದಿರುವಾಗಲೇ ಔಷಧದಂಗಡಿಯಿಂದ ಕಿಟ್ಟನ್ನು ತಂದು, ಬೆಳಗಿನ ಮೂತ್ರದ ಕೆಲವು ಹನಿಗಳನ್ನು ಅದರ ಗುಣಿಯಲ್ಲಿ ಬಿಟ್ಟು, ಒಂದೇ ಗೆರೆ ಮೂಡಿದುದನ್ನು ಕಂಡು ‘ಈ ತಿಂಗಳೂ ಇಲ್ಲ’ವೆಂದು ಮನಸ್ಸು ಕುಗ್ಗಿಸಿಕೊಳ್ಳುವ ಹೆಣ್ಣುಮಕ್ಕಳು ಅಸಂಖ್ಯರಿದ್ದಾರೆ, ಅವರಲ್ಲಿ ಅನೇಕರಿಗೆ ಆ ದಿನ ದೊರೆತದ್ದು ಉತ್ತರವೇ ಅಲ್ಲ. ಆದ್ಯಫಲದ ಪ್ರಾಮಾಣ್ಯವನ್ನು ನಿರ್ಣಯಿಸತಕ್ಕದ್ದು ಕಣ್ಣಿನ ಚುರುಕಲ್ಲ, ಕಿಟ್ಟಿನ ಬೆಲೆಯೂ ಅಲ್ಲ, ಭ್ರೂಣವು ಗರ್ಭಕೋಶದಲ್ಲಿ ನೆಲೆಯೂರಿದ ಕಾಲ ಎಂಬುದೇ ಈ ಲೇಖನದ ಪ್ರತಿಪಾದ್ಯ.

ಪರೀಕ್ಷೆಯು ಹುಡುಕುವುದು ಗರ್ಭವನ್ನಲ್ಲ. ಹ್ಯೂಮನ್ ಕೋರಿಯಾನಿಕ್ ಗೊನಾಡೊಟ್ರೋಪಿನ್, ಸಂಕ್ಷೇಪವಾಗಿ ಎಚ್‌ಸಿಜಿ, ಎಂಬ ಹಾರ್ಮೋನನ್ನು. ಮುಂದೆ ಮಾಸಾಗಿ ಬೆಳೆಯತಕ್ಕ ಹೊರಪದರದ ಜೀವಕೋಶಗಳು ಗರ್ಭಕೋಶದ ಭಿತ್ತಿಯೊಳಗೆ ಇಳಿಯತೊಡಗಿದಾಗ ಈ ಹಾರ್ಮೋನು ತಾಯಿಯ ರಕ್ತವನ್ನು ಸೇರುತ್ತದೆ, ಅಲ್ಲಿಂದ ಮೂತ್ರಕ್ಕೆ ಬರುತ್ತದೆ. ಅಂಡವು ಫಲಿತವಾದ ದಿನಕ್ಕೂ ಅದು ನೆಲೆಯೂರುವ ದಿನಕ್ಕೂ ನಡುವೆ ಒಂದು ವಾರಕ್ಕಿಂತ ಹೆಚ್ಚಿನ ಅಂತರವಿರುವುದು ಸಾಮಾನ್ಯ. ಆ ಅವಧಿಯಲ್ಲಿ ಭ್ರೂಣವು ಅಂಡನಾಳದಿಂದ ಗರ್ಭಕೋಶದತ್ತ ಸಾಗುತ್ತಿರುತ್ತದೆಯೇ ಹೊರತು ತಾಯಿಯ ಮೂತ್ರದಲ್ಲಿ ಗುರುತಿಸಬಹುದಾದ ಯಾವ ಸುಳಿವನ್ನೂ ಬಿಡುವುದಿಲ್ಲ. ನೆಲೆಯೂರಿದ ಬಳಿಕ ಹಾರ್ಮೋನು ಮೊದಲ ಕೆಲವು ದಿನ ಅತಿ ವೇಗವಾಗಿಯೂ, ಅನಂತರ ಸರಿಸುಮಾರು ಎರಡು ದಿನಕ್ಕೊಮ್ಮೆ ಇಮ್ಮಡಿಯಾಗುತ್ತಲೂ ಏರಿ, ಎಂಟರಿಂದ ಹತ್ತನೆಯ ವಾರದ ಸುಮಾರಿಗೆ ಶಿಖರವನ್ನು ಮುಟ್ಟುತ್ತದೆ.

ಈ ಹಾರ್ಮೋನನ್ನು ಮನುಷ್ಯನು ಗುರುತಿಸಲು ಕಲಿತ ಚರಿತ್ರೆಯು ಕಾಯುವಿಕೆಯ ಅವಧಿಯು ಕಿರಿದಾಗುತ್ತ ಬಂದ ಚರಿತ್ರೆಯೂ ಹೌದು. 1920ರ ದಶಕದ ಕೊನೆಯಲ್ಲಿ ಬರ್ಲಿನ್ನಿನ ಸೆಲ್ಮಾರ್ ಆಶ್‌ಹೈಮ್ ಮತ್ತು ಬರ್ನ್‌ಹಾರ್ಡ್ ಜೊಂಡೆಕ್ ಎಂಬ ವೈದ್ಯರು ಸ್ತ್ರೀಯ ಮೂತ್ರವನ್ನು ಇನ್ನೂ ಪ್ರಾಯಕ್ಕೆ ಬಾರದ ಹೆಣ್ಣಿಲಿಗಳಿಗೆ ಚುಚ್ಚಿ, ಕೆಲವು ದಿನಗಳ ತರುವಾಯ ಅವುಗಳನ್ನು ಕೊಂದು ಅಂಡಾಶಯಗಳ ಮೇಲೆ ರಕ್ತದ ಚುಕ್ಕೆಗಳಿವೆಯೇ ಎಂದು ನೋಡುವ ವಿಧಾನವನ್ನು ರೂಪಿಸಿದರು. 1931ರಲ್ಲಿ ಅಮೆರಿಕದ ಮಾರಿಸ್ ಫ್ರೀಡ್‌ಮನ್ ಇಲಿಯ ಬದಲು ಮೊಲವನ್ನು ಬಳಸಿದನು. ಮೊಲ ಸತ್ತರೆ ಗರ್ಭವೆಂದು ಅಲ್ಲಿಯ ಜನ ಆಡಿಕೊಳ್ಳುತ್ತಿದ್ದರಾದರೂ, ಫಲವು ಏನೇ ಆಗಿದ್ದರೂ ಅದನ್ನು ತಿಳಿಯಲು ಮೊಲವನ್ನು ಕೊಯ್ಯಬೇಕಾಗುತ್ತಿತ್ತು. ಕೇಪ್‌ಟೌನಿನಲ್ಲಿ ಲ್ಯಾನ್ಸ್‌ಲಾಟ್ ಹಾಗ್‌ಬೆನ್ನನ ಕಾರ್ಯದಿಂದ ಬೆಳಕಿಗೆ ಬಂದ ಜೆನೊಪಸ್ ಕಪ್ಪೆಯಾದರೋ ಚುಚ್ಚುಮದ್ದು ಪಡೆದ ಒಂದು ದಿನದೊಳಗೆ ಮೊಟ್ಟೆಯಿಟ್ಟು ಉತ್ತರ ಹೇಳುತ್ತಿತ್ತು, ಬದುಕಿಯೂ ಉಳಿಯುತ್ತಿತ್ತು. 1960ರಲ್ಲಿ ಸ್ವೀಡನ್ನಿನ ವೀಡೆ ಮತ್ತು ಗೆಮ್ಜೆಲ್ ಎಂಬ ಸಂಶೋಧಕರು ಪ್ರತಿಕಾಯಗಳನ್ನೂ ಕೆಂಪು ರಕ್ತಕಣಗಳನ್ನೂ ಬಳಸಿ ಗಾಜಿನ ನಳಿಗೆಯಲ್ಲಿಯೇ ಪರೀಕ್ಷೆ ನಡೆಸುವ ಕ್ರಮವನ್ನು ತಂದ ಮೇಲೆ ಪ್ರಾಣಿಗಳ ಅಗತ್ಯ ಕ್ರಮೇಣ ತಪ್ಪಿತು.

ಆದರೆ ಆ ವಿದ್ಯೆಯೆಲ್ಲವೂ ಪ್ರಯೋಗಶಾಲೆಯ ಬಾಗಿಲೊಳಗೇ ಇತ್ತು; ಯಾರ ದೇಹದ ವಿಚಾರವೋ ಆಕೆಗೆ ಸುದ್ದಿ ಕಟ್ಟಕಡೆಗೆ ತಲಪುತ್ತಿತ್ತು. ಈ ಅನುಚಿತವನ್ನು ಕಂಡು ಸುಮ್ಮನಿರಲಾರದೆ ಹೋದವಳು ವೈದ್ಯಳಲ್ಲ, ವಿಜ್ಞಾನಿಯೂ ಅಲ್ಲ. ನ್ಯೂಜೆರ್ಸಿಯಲ್ಲಿ ಆರ್ಗನಾನ್ ಎಂಬ ಔಷಧ ಸಂಸ್ಥೆಯ ಚಿತ್ರವಿನ್ಯಾಸಕಿಯಾಗಿದ್ದ ಮಾರ್ಗರೆಟ್ ಕ್ರೇನ್ 1967ರಲ್ಲಿ ಅಲ್ಲಿಯ ಪ್ರಯೋಗಶಾಲೆಯಲ್ಲಿ ಕನ್ನಡಿಯ ಮೇಲೆ ಸಾಲಾಗಿ ತೂಗುತ್ತಿದ್ದ ನಳಿಗೆಗಳನ್ನು ನೋಡಿ, ಇಷ್ಟು ಸರಳವಾದುದನ್ನು ಸ್ತ್ರೀಯು ತನ್ನ ಮನೆಯಲ್ಲಿಯೇ ಏಕೆ ಮಾಡಿಕೊಳ್ಳಬಾರದೆಂದು ಯೋಚಿಸಿ, ಕಾಗದದ ಕ್ಲಿಪ್ಪುಗಳನ್ನಿಡುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ನಳಿಗೆಯನ್ನೂ ಕನ್ನಡಿಯನ್ನೂ ಹೊಂದಿಸಿ ಮೊದಲ ಮಾದರಿಯನ್ನು ಕಟ್ಟಿದಳು. ಸಂಸ್ಥೆಯೊಳಗೆ ಪ್ರತಿರೋಧವಿದ್ದರೂ ಅದಕ್ಕೆ ಆಕೆಯ ಹೆಸರಿನಲ್ಲಿ ಪೇಟೆಂಟು ದೊರೆಯಿತು. 1971ರಲ್ಲಿ ‘ಪ್ರಿಡಿಕ್ಟರ್’ ಎಂಬ ಹೆಸರಿನಿಂದ ಕೆನಡಾದಲ್ಲಿ ಅದು ಮಾರಾಟಕ್ಕೆ ಬಂದಿತು. ಎರಡು ಗಂಟೆಗಳ ಕಾಲ ಅಲುಗಿಸದೆ ಇಟ್ಟ ನಳಿಗೆಯ ತಳದಲ್ಲಿ ಮೂಡಿದ ಉಂಗುರವು ಅಂದಿನ ಫಲ. ಅಮೆರಿಕದಲ್ಲಿ 1970ರ ದಶಕದ ಕೊನೆಗೆ ಅದೇ ಜಾತಿಯ ಕಿಟ್ಟುಗಳು ಬಂದಾಗ, ಮುಟ್ಟು ನಿರೀಕ್ಷಿಸಿದ ದಿನ ಕಳೆದು ಒಂಬತ್ತು ದಿನಗಳಾದ ಬಳಿಕ ಪರೀಕ್ಷಿಸಬೇಕೆಂದೂ, ‘ಇಲ್ಲ’ವೆಂಬ ಫಲ ಬಂದರೆ ಒಂದು ವಾರದ ನಂತರ ಮತ್ತೆ ನೋಡಬೇಕೆಂದೂ ಅವುಗಳ ಸೂಚನೆಯಿತ್ತು. ಇಂದಿನ ಕಿಟ್ಟುಗಳಲ್ಲಿ ಕೆಲವು ಮುಟ್ಟಿಗೆ ಐದಾರು ದಿನ ಮುಂಚೆಯೇ ಹೇಳಬಲ್ಲೆವೆಂದು ಘೋಷಿಸುತ್ತವೆ. ಅರ್ಧ ಶತಮಾನದಲ್ಲಿ ಎರಡು ವಾರಗಳಷ್ಟು ಕಾಲವನ್ನು ಗೆದ್ದುಕೊಂಡದ್ದು ಸಾಮಾನ್ಯ ಸಾಧನೆಯಲ್ಲ. ಆದರೆ ಹಿಂದಿನ ಸೂಚನೆಯಲ್ಲಿದ್ದ ಒಂದು ಪ್ರಾಮಾಣಿಕತೆ ಈ ಗೆಲುವಿನ ನಡುವೆ ಮರೆಯಾಯಿತೆಂದು ನನಗೆ ಬಲವಾಗಿ ಅನಿಸುತ್ತದೆ.

ಈ ಗೆಲುವಿಗೆ ಆಧಾರವಾದ ಆವಿಷ್ಕಾರಗಳು ಎರಡು. ಎಚ್‌ಸಿಜಿಯು ಆಲ್ಫಾ, ಬೀಟಾ ಎಂಬ ಎರಡು ಸರಪಣಿಗಳಿಂದಾದುದು. ಆಲ್ಫಾ ಸರಪಣಿಯು ಅಂಡೋತ್ಸರ್ಗವನ್ನು ಪ್ರೇರಿಸುವ ಎಲ್‌ಎಚ್ ಹಾರ್ಮೋನಿನಲ್ಲಿಯೂ ಹಾಗೆಯೇ ಇರುವುದರಿಂದ ಹಳೆಯ ಪರೀಕ್ಷೆಗಳು ಒಂದನ್ನು ಮತ್ತೊಂದೆಂದು ಭ್ರಮಿಸುತ್ತಿದ್ದುವು. 1972ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಜೂಡಿತ್ ವೈಟುಕೈಟಿಸ್, ಗ್ಲೆನ್ ಬ್ರೌನ್‌ಸ್ಟೀನ್ ಮತ್ತು ಗ್ರಿಫ್ ರಾಸ್ ಬೀಟಾ ಸರಪಣಿಯನ್ನು ಮಾತ್ರ ಹಿಡಿಯುವ ಮಾಪನವನ್ನು ಪ್ರಕಟಿಸಿ ಆ ಗೊಂದಲವನ್ನು ಕಳೆದರು. ಅದರ ಹಿಂದೆಯೇ, 1975ರಲ್ಲಿ, ಕೋಲರ್ ಮತ್ತು ಮಿಲ್‌ಸ್ಟೈನ್ ಏಕರೂಪದ ಪ್ರತಿಕಾಯಗಳನ್ನು ಬೇಕಾದಷ್ಟು ತಯಾರಿಸುವ ಮಾರ್ಗವನ್ನು ತೋರಿದರು. 1988ರಲ್ಲಿ ಇಂಗ್ಲೆಂಡಿನಿಂದ ಹೊರಬಂದ ‘ಕ್ಲಿಯರ್‌ಬ್ಲೂ’ ಕಡ್ಡಿಯು ಒಂದೇ ಕ್ರಿಯೆಯಲ್ಲಿ ಫಲ ಕೊಡುವ ಪಟ್ಟಿಯನ್ನು ಮನೆಮನೆಗೆ ತಂದಿತು.

ಆ ಪಟ್ಟಿಯ ಕ್ರಮವನ್ನು ಅರಿಯದೆ ಮಸುಕು ಗೆರೆಯನ್ನು ಓದಲಾಗದು. ಮೂತ್ರವು ಪಟ್ಟಿಯುದ್ದಕ್ಕೂ ಹೀರಿಕೊಂಡು ಹರಿಯುವಾಗ, ಚಿನ್ನದ ಅತಿಸೂಕ್ಷ್ಮ ಕಣಗಳನ್ನೋ ನೀಲಿ ಬಣ್ಣದ ಕಣಗಳನ್ನೋ ಹೊತ್ತ ಪ್ರತಿಕಾಯಗಳು ಹಾರ್ಮೋನಿನ ಒಂದು ಭಾಗವನ್ನು ಹಿಡಿದುಕೊಳ್ಳುತ್ತವೆ. ‘ಟಿ’ ಎಂದು ಗುರುತಿಸಿದ ಸ್ಥಾನದಲ್ಲಿ ಕದಲದಂತೆ ನಿಂತ ಬೇರೆ ಪ್ರತಿಕಾಯಗಳು ಅದರ ಇನ್ನೊಂದು ಭಾಗವನ್ನು ಹಿಡಿಯುತ್ತವೆ. ಹೀಗೆ ಎರಡು ಪ್ರತಿಕಾಯಗಳ ನಡುವೆ ಹಾರ್ಮೋನು ಸಿಕ್ಕಿಕೊಂಡಾಗ ಬಣ್ಣದ ಕಣಗಳು ಅಲ್ಲಿ ನೆರೆದು ಗೆರೆಯಾಗುತ್ತವೆ. ‘ಸಿ’ ಎಂಬ ಸ್ಥಾನದ ಗೆರೆಯು ಪಟ್ಟಿಯು ಕೆಲಸ ಮಾಡಿತೆಂದು ಮಾತ್ರ ಹೇಳುತ್ತದೆ. ಅದಿಲ್ಲದೆ ಹೋದರೆ ಪರೀಕ್ಷೆಯೇ ನಡೆಯಲಿಲ್ಲವೆಂದು ಭಾವಿಸತಕ್ಕದ್ದು. ಆದಕಾರಣ ‘ಟಿ’ ಗೆರೆಯು ಮಸುಕಾಗಿದೆಯೆಂದರೆ ಹಾರ್ಮೋನು ಸ್ವಲ್ಪವಿದೆ ಎಂದರ್ಥವೇ ಹೊರತು ಫಲವು ಅರ್ಧ ನಿಜ, ಅರ್ಧ ಸುಳ್ಳು ಎಂದಲ್ಲ. ನಿಯಮಿಸಿದ ಮೂರರಿಂದ ಐದು ನಿಮಿಷಗಳೊಳಗೆ, ‘ಸಿ’ ಗೆರೆಯ ಬಣ್ಣವೇ ತಿಳಿಯಾಗಿ, ಅದರಷ್ಟೇ ಅಗಲದಲ್ಲಿ ಕಂಡ ಗೆರೆಯನ್ನು ಇದೆಯೆಂದೇ ಎಣಿಸಬೇಕು. ಪಟ್ಟಿ ಒಣಗುತ್ತ ಬಂದ ಮೇಲೆ ತೋರುವ ಬಣ್ಣಗೆಟ್ಟ ಬೂದು ಗೀಟು ಬೇರೆ; ಬೆಳಗ್ಗೆ ಇಲ್ಲವೆಂದು ಬದಿಗಿಟ್ಟ ಕಿಟ್ಟನ್ನು ಮಧ್ಯಾಹ್ನ ಕಿಟಕಿಯ ಬೆಳಕಿಗೆ ಹಿಡಿದು ಕಂಡುಕೊಳ್ಳುವ ಇಂತಹ ಗೀಟಿನಿಂದ ಆದ ಆಶಾಭಂಗಗಳು ಬಹಳ. ಬಂಜೆತನದ ಚಿಕಿತ್ಸೆಯಲ್ಲಿ ಅಂಡೋತ್ಸರ್ಗಕ್ಕಾಗಿ ಎಚ್‌ಸಿಜಿಯನ್ನೇ ಚುಚ್ಚುಮದ್ದಾಗಿ ಪಡೆದವರಲ್ಲಿ ಆ ಮದ್ದೇ ಹತ್ತು ದಿನಗಳಿಗೂ ಮೀರಿ ಮೂತ್ರದಲ್ಲಿ ಉಳಿದು ಗೆರೆ ಮೂಡಿಸಬಹುದು.

ಈಗ ಮುಖ್ಯ ವಿಷಯಕ್ಕೆ ಬರೋಣ. 1980ರ ದಶಕದಲ್ಲಿ ಉತ್ತರ ಕೆರೊಲಿನಾದಲ್ಲಿ ಅಲೆನ್ ವಿಲ್ಕಾಕ್ಸ್, ಡೊನ್ನಾ ಬೇರ್ಡ್ ಮತ್ತು ಕ್ಲಾರಿಸ್ ವೈನ್‌ಬರ್ಗ್ ನಡೆಸಿದ ಅಧ್ಯಯನವು ಈ ಕ್ಷೇತ್ರದಲ್ಲಿ ಇಂದಿಗೂ ಆಕರಪ್ರಾಯವಾಗಿದೆ. ಮಗುವನ್ನು ಬಯಸಿ ಸಂತಾನನಿರೋಧವನ್ನು ಬಿಟ್ಟಿದ್ದ 221 ಸ್ತ್ರೀಯರು ದಿನವೂ ಬೆಳಗಿನ ಮೂತ್ರವನ್ನು ಶೇಖರಿಸಿಟ್ಟರು. ಅಂಗಡಿಯ ಕಿಟ್ಟಿಗಿಂತ ಎಷ್ಟೋ ಪಾಲು ಸೂಕ್ಷ್ಮವಾದ ಮಾಪನದಿಂದ ಅದನ್ನು ಪರೀಕ್ಷಿಸಲಾಯಿತು. ಮುಂದುವರಿದ ಗರ್ಭಗಳಲ್ಲಿ ನೂರಕ್ಕೆ 84 ಅಂಡೋತ್ಸರ್ಗದ ಬಳಿಕ ಎಂಟು, ಒಂಬತ್ತು ಇಲ್ಲವೇ ಹತ್ತನೆಯ ದಿನ ನೆಲೆಯೂರಿದ್ದುವು; ಉಳಿದವು ಆರರಿಂದ ಹನ್ನೆರಡನೆಯ ದಿನದ ಎಲ್ಲೆಯೊಳಗೆ ಹರಡಿಕೊಂಡಿದ್ದುವು. 2001ರಲ್ಲಿ ಅದೇ ಸಾಮಗ್ರಿಯಿಂದ ಅವರು ತೆಗೆದ ನಿರ್ಣಯವು ಇನ್ನೂ ಮಹತ್ತ್ವದ್ದು: ಮುಟ್ಟು ನಿರೀಕ್ಷಿಸಿದ ಮೊದಲ ದಿನದಂದು ನೂರಕ್ಕೆ ಹತ್ತು ಗರ್ಭಗಳು ಇನ್ನೂ ನೆಲೆಯೂರಿಯೇ ಇರುವುದಿಲ್ಲ. ಎಂದಮೇಲೆ, ಎಂತಹ ಪರಿಪೂರ್ಣ ಉಪಕರಣವನ್ನು ಮುಂದೆ ಯಾರೇ ನಿರ್ಮಿಸಲಿ, ಆ ದಿನ ಅದು ನೂರಕ್ಕೆ 90ರಷ್ಟು ಗರ್ಭಗಳನ್ನಲ್ಲದೆ ಹೆಚ್ಚನ್ನು ಗುರುತಿಸಲಾರದು. ಒಂದು ವಾರ ಕಳೆದರೆ ಆ ಮಿತಿ 97ಕ್ಕೆ ಏರುತ್ತದೆ. ಇದು ಕಾರ್ಖಾನೆಯ ದೋಷವಲ್ಲ, ಪ್ರಕೃತಿಯೇ ಹಾಕಿದ ಗಡಿ. ಮೀಮಾಂಸಕರ ಪರಿಭಾಷೆಯಲ್ಲಿ, ಆ ದಿನಗಳ ಅನುಪಲಬ್ಧಿಗೆ ಯೋಗ್ಯತೆಯಿಲ್ಲ.

ಹಾಗಿದ್ದರೆ ಪೊಟ್ಟಣದ ಮೇಲೆ ಮುದ್ರಿತವಾದ ನೂರಕ್ಕೆ 99 ಎಂಬ ಅಂಕಿ ಎಲ್ಲಿಯದು? ಹಾರ್ಮೋನು ಇಂತಿಷ್ಟಿದೆಯೆಂದು ಮೊದಲೇ ತಿಳಿದ ಮಾದರಿಗಳನ್ನು ಕಿಟ್ಟು ಎಷ್ಟರಮಟ್ಟಿಗೆ ಸರಿಯಾಗಿ ಗುರುತಿಸಿತೆಂಬ ಪ್ರಯೋಗಶಾಲೆಯ ಲೆಕ್ಕ ಸಾಮಾನ್ಯವಾಗಿ ಅದರ ಹಿಂದಿರುತ್ತದೆ. ಆ ಲೆಕ್ಕ ಸುಳ್ಳಲ್ಲ. ಆದರೆ ಓದುವವಳು ಕೇಳುತ್ತಿರುವ ಪ್ರಶ್ನೆಗೆ ಅದು ಉತ್ತರವಲ್ಲ. ಲಾರೆನ್ಸ್ ಕೋಲ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದಂತೆ, ಮುಟ್ಟು ತಪ್ಪಿದ ದಿನವೇ ಬಹುಪಾಲು ಗರ್ಭಗಳು ಕಾಣಬೇಕಾದರೆ ಒಂದು ಮಿಲಿಲೀಟರಿನಲ್ಲಿ 12.5 ಮಿಲಿ ಯೂನಿಟ್ಟಿನಷ್ಟು ಅಲ್ಪ ಹಾರ್ಮೋನನ್ನೂ ಪಟ್ಟಿಯು ಹಿಡಿಯಬಲ್ಲುದಾಗಿರಬೇಕು. 25 ಮಿಲಿ ಯೂನಿಟ್ಟಿನಿಂದ ಮೇಲೆ ಮಾತ್ರ ಕಾಣಬಲ್ಲ ಕಿಟ್ಟುಗಳು ಬಳಕೆಯಲ್ಲಿ ಸಾಮಾನ್ಯ. ಮೇಲಾಗಿ ‘ಮುಟ್ಟು ನಿರೀಕ್ಷಿಸಿದ ದಿನ’ವೆಂಬುದೇ ಒಂದು ಊಹೆ. ತಿಂಗಳು ತಿಂಗಳೂ ತಪ್ಪದೆ ಆಗುವವರಲ್ಲಿಯೂ ಅಂಡೋತ್ಸರ್ಗವು ಕೆಲವು ದಿನ ಹಿಂದುಮುಂದಾಗುವುದುಂಟು. ಅದು ನಾಲ್ಕು ದಿನ ತಡವಾದರೆ ಪರೀಕ್ಷೆಯ ದಿನವನ್ನೂ ನಾಲ್ಕು ದಿನ ಮುಂದಕ್ಕೆ ಹಾಕಬೇಕು. ಆದರೆ ತಡವಾದುದು ಆಕೆಗೆ ತಿಳಿಯುವುದೆಂತು?

ಇನ್ನೊಂದು ಪಕ್ಷವನ್ನು ನಾನು ಹಗುರವಾಗಿ ಎಣಿಸಲಾರೆ. ಬೇಗನೆ ತಿಳಿಯುವುದರಿಂದ ನಿಜವಾದ ಪ್ರಯೋಜನಗಳಿವೆ: ಶಿಶುವಿನ ನರನಾಳವು ಫಲಿತವಾದ ನಾಲ್ಕು ವಾರಗಳೊಳಗೆ ಮುಚ್ಚಿಕೊಳ್ಳುವುದರಿಂದ, ಅಪಾಯಕರವಾದ ಔಷಧವನ್ನು ನಿಲ್ಲಿಸಬೇಕಾದವಳಿಗೆ ಒಂದೊಂದು ದಿನವೂ ಬೆಲೆಯುಳ್ಳದ್ದು; ಗರ್ಭವನ್ನು ಬಯಸದವಳಿಗೂ ನಿರ್ಧಾರಕ್ಕೆ ಕಾಲ ದೊರೆಯುತ್ತದೆ. ಆದರೆ ಇದರ ಜೊತೆಗೇ ಒಂದು ಹೊಸ ದುಃಖವೂ ಹುಟ್ಟಿಕೊಂಡಿದೆ. ಉತ್ತರ ಕೆರೊಲಿನಾದ ಅಧ್ಯಯನದಲ್ಲಿ ಗುರುತಿಸಿದ 198 ಗರ್ಭಗಳಲ್ಲಿ ನೂರಕ್ಕೆ 22, ವೈದ್ಯರ ಗಮನಕ್ಕೆ ಬರುವ ಮೊದಲೇ ಮುಗಿದುಹೋಗಿದ್ದುವು. ಒಂಬತ್ತನೆಯ ದಿನದೊಳಗೆ ನೆಲೆಯೂರಿದವುಗಳಲ್ಲಿ ಹೀಗೆ ಕಳೆದುಹೋದವು ನೂರಕ್ಕೆ 13. ಹತ್ತನೆಯ ದಿನ 26. ಹನ್ನೊಂದನೆಯ ದಿನ 52. ಅದರ ಮೇಲೆ 82. ನಮ್ಮ ಅಜ್ಜಿಯರ ಕಾಲದಲ್ಲಿ ಇವೆಲ್ಲ ನಾಲ್ಕು ದಿನ ತಡವಾಗಿ ಬಂದ ಮುಟ್ಟುಗಳಾಗಿದ್ದುವು; ಅವಕ್ಕೆ ಹೆಸರಿರಲಿಲ್ಲ, ಅವುಗಳಿಗಾಗಿ ಯಾರೂ ಅಳಲಿಲ್ಲ. ಇಂದು ಅದೇ ಘಟನೆಗೆ ಒಂದು ಗೆರೆ ಸಾಕ್ಷಿಯಾಗಿ ನಿಂತು, ಮರುವಾರ ಆ ಗೆರೆ ಮಾಯವಾದಾಗ, ತಾನೇನೋ ತಪ್ಪು ಮಾಡಿದೆನೆಂದು, ಮೆಟ್ಟಿಲು ಹತ್ತಿದ್ದಕ್ಕೆ ಹೋಯಿತೆಂದು, ಪರಂಗಿ ಹಣ್ಣು ತಿಂದದ್ದಕ್ಕೆ ಹೋಯಿತೆಂದು ಹೆಣ್ಣು ತನ್ನನ್ನು ತಾನೇ ಹಳಿದುಕೊಳ್ಳುತ್ತಾಳೆ. ಕೆಲವೊಮ್ಮೆ ಮನೆಯವರೂ ದನಿಗೂಡಿಸುತ್ತಾರೆ. ಬಹುಪಾಲು ಇಂತಹ ನಷ್ಟಗಳಿಗೆ ಕಾರಣ ಭ್ರೂಣದ ವರ್ಣತಂತುಗಳಲ್ಲಿ ಆರಂಭದಲ್ಲಿಯೇ ಆದ ಏರುಪೇರೆಂಬುದನ್ನು ಆಕೆಗೆ ಹೇಳುವವರಾರು? ಉಪಕರಣವನ್ನು ಮಾರಿದವರು ಆ ಮಾತನ್ನು ಪೊಟ್ಟಣದೊಳಗೆ ಇಡಲಿಲ್ಲವೆಂಬುದು ನನಗೆ ಸಹಿಸಲಾಗದ ಲೋಪವಾಗಿ ತೋರುತ್ತದೆ.

ನಮ್ಮ ನಾಡಿನಲ್ಲಿ ಈ ವಿಚಾರವು ಔಷಧದಂಗಡಿಗೆ ಮಾತ್ರ ಸೇರಿದ್ದಲ್ಲ. ಸರ್ಕಾರದ ‘ನಿಶ್ಚಯ’ ಕಿಟ್ಟುಗಳು ಆಶಾ ಕಾರ್ಯಕರ್ತೆಯರ ಕೈಚೀಲದಲ್ಲಿ ಹಳ್ಳಿಹಳ್ಳಿಗೆ ಹೋಗುತ್ತವೆ. ಗೆರೆ ಮೂಡಿದ ಮೇಲೆ ನೋಂದಣಿ, ತಾಯಿ ಕಾರ್ಡು, ಕಬ್ಬಿಣಾಂಶದ ಮಾತ್ರೆ ಎಂದು ಒಂದರ ಹಿಂದೊಂದು ಕ್ರಮ ನಡೆಯುತ್ತದೆ. ಗೆರೆ ಮೂಡದವಳಿಗೆ ಹೇಳಬೇಕಾದ ಮಾತಿಗೂ ಅಷ್ಟೇ ಗೌರವ ಸಲ್ಲಬೇಕು. ‘ಇವತ್ತು ಕಾಣಲಿಲ್ಲ ಅಕ್ಕಾ, ಮುಟ್ಟಾಗದಿದ್ದರೆ ಇನ್ನು ಒಂದು ವಾರಕ್ಕೆ ಮತ್ತೆ ನೋಡೋಣ, ಬೆಳಗಿನ ಮೊದಲ ಮೂತ್ರವನ್ನೇ ಇಟ್ಟಿರಿ’ ಎಂಬಷ್ಟು ನುಡಿ ಆ ಕಾರ್ಯಕರ್ತೆಯ ಬಾಯಲ್ಲಿಯೂ ಪೊಟ್ಟಣದ ಕನ್ನಡ ಸೂಚನೆಯಲ್ಲಿಯೂ ಇದ್ದರೆ, 1970ರ ದಶಕದ ಆ ಹಳೆಯ ಸೂಚನೆಯ ಪ್ರಾಮಾಣಿಕತೆ ಹೊಸ ಪಟ್ಟಿಗೂ ದಕ್ಕೀತು.

ಗೆರೆಯ ಗಾಢತೆಯನ್ನು ದಿನದಿನವೂ ಹೋಲಿಸಿ ಗರ್ಭದ ಕ್ಷೇಮವನ್ನು ಅಳೆಯುವ ಅಭ್ಯಾಸವನ್ನು ಕುರಿತು ಒಂದು ಎಚ್ಚರಿಕೆ ಉಳಿದಿದೆ. ಮೂತ್ರವು ಒಂದು ದಿನ ತೆಳ್ಳಗೆ, ಒಂದು ದಿನ ಗಟ್ಟಿಯಾಗಿರುತ್ತದೆ. ಒಂದು ಕಿಟ್ಟಿನ ಬಣ್ಣ ಇನ್ನೊಂದರಂತಿರುವುದಿಲ್ಲ. ವಾರಗಳು ಕಳೆದು ಹಾರ್ಮೋನು ಅತಿಯಾಗಿ ಹೆಚ್ಚಿದಾಗ ಅದರ ಕಣಗಳೂ ತುಣುಕುಗಳೂ ಎರಡು ಕಡೆಯ ಪ್ರತಿಕಾಯಗಳನ್ನೂ ಬೇರೆಬೇರೆಯಾಗಿ ಆಕ್ರಮಿಸಿಕೊಂಡು, ಹಾರ್ಮೋನಿನ ಸಮೃದ್ಧಿಯಲ್ಲಿಯೇ ಗೆರೆಯು ಮಸುಕಾಗುವ ವಿಪರೀತವೂ ಸಂಭವಿಸುತ್ತದೆ. ಏರಿಕೆಯನ್ನು ಅಳೆಯಬೇಕಾದರೆ 48 ಗಂಟೆಗಳ ಅಂತರದಲ್ಲಿ ಎರಡು ಬಾರಿ ರಕ್ತಪರೀಕ್ಷೆ ಮಾಡಿಸುವುದೇ ದಾರಿ. ಗರ್ಭವು ಎಲ್ಲಿ ನೆಲೆಯೂರಿದೆಯೆಂಬುದನ್ನಂತೂ ಯಾವ ಗೆರೆಯೂ ಹೇಳದು. ನೂರರಲ್ಲಿ ಒಂದೆರಡು ಗರ್ಭಗಳು ಗರ್ಭಕೋಶದ ಹೊರಗೆ, ಬಹುಮಟ್ಟಿಗೆ ಅಂಡನಾಳದಲ್ಲಿಯೇ, ನಿಲ್ಲುತ್ತವೆ, ಅಲ್ಲಿಯೂ ಎಚ್‌ಸಿಜಿ ಉತ್ಪತ್ತಿಯಾಗುತ್ತದೆ, ಅಲ್ಲಿಯೂ ಎರಡು ಗೆರೆ ಮೂಡುತ್ತದೆ. ಆದುದರಿಂದ ಗೆರೆ ಮೂಡಿದ ತರುವಾಯ ಕಿಬ್ಬೊಟ್ಟೆಯ ಒಂದು ಪಕ್ಕದಲ್ಲಿ ನೋವು, ರಕ್ತಸ್ರಾವ, ತಲೆಸುತ್ತು ಇವುಗಳಲ್ಲಿ ಯಾವುದು ಕಾಣಿಸಿಕೊಂಡರೂ ಇನ್ನೊಂದು ಕಿಟ್ಟಿಗಾಗಿ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ ಸ್ಕ್ಯಾನ್ ಮಾಡಿಸಿಕೊಳ್ಳತಕ್ಕದ್ದು.