ನಿರ್ಭೀಕ್ (ರಿವಾಲ್ವರ್)

ನಿರ್ಭೀಕ್ ಆತ್ಮರಕ್ಷಣೆಗೆಂದು ಭಾರತದಲ್ಲಿ ತಯಾರಿಸಲಾದ ಒಂದು ಹಗುರ ರಿವಾಲ್ವರ್. ಕಾನ್ಪುರದ ಫೀಲ್ಡ್ ಗನ್ ಕಾರ್ಖಾನೆಯು ಇದನ್ನು 2014ರ ಜನವರಿಯಲ್ಲಿ ಬಿಡುಗಡೆ ಮಾಡಿತು. ಮಹಿಳೆಯರಿಗಾಗಿ ರೂಪಿಸಲಾದ ದೇಶದ ಮೊದಲ ಬಂದೂಕು ಎಂದು ಇದು ಪ್ರಚಾರ ಪಡೆಯಿತು. 2012ರ ದೆಹಲಿ ಸಾಮೂಹಿಕ ಅತ್ಯಾಚಾರ ಪ್ರಕರಣದ ಸಂತ್ರಸ್ತೆಯನ್ನು ಮಾಧ್ಯಮಗಳು ‘ನಿರ್ಭಯಾ’ ಎಂದು ಕರೆದಿದ್ದವು. ರಿವಾಲ್ವರಿನ ಹೆಸರಿಗೂ ‘ಭಯವಿಲ್ಲದ’ ಎಂಬುದೇ ಅರ್ಥ.

ವಿನ್ಯಾಸ

ಇದು .32 ಕ್ಯಾಲಿಬರಿನ, ಆರು ಗುಂಡುಗಳನ್ನು ಹಿಡಿಸುವ ಆಯುಧ. ಟೈಟಾನಿಯಂ ಮಿಶ್ರಲೋಹದ ಬಳಕೆಯಿಂದ ಇದರ ತೂಕ ಸುಮಾರು 500 ಗ್ರಾಂಗೆ ಇಳಿದಿದ್ದು, ಕೈಚೀಲದಲ್ಲಿ ಒಯ್ಯಬಹುದಾಗಿದೆ. ರಿವಾಲ್ವರುಗಳಲ್ಲಿ ಒಂದು ಗುಂಡು ಸಿಡಿಯದಿದ್ದರೂ ಟ್ರಿಗರನ್ನು ಮತ್ತೊಮ್ಮೆ ಎಳೆದಾಗ ಸಿಲಿಂಡರು ತಿರುಗಿ ಮುಂದಿನ ಗುಂಡು ಬರುತ್ತದೆ. ಆದರೆ ಆಯುಧ ಹಗುರವಾದಷ್ಟೂ ಹಾರಿಸುವಾಗ ಕೈಗೆ ಬೀಳುವ ಹಿನ್ನೊದೆತ ಹೆಚ್ಚುತ್ತದೆ.

ಬೆಲೆ ಮತ್ತು ಪರವಾನಗಿ

ಬಿಡುಗಡೆಯ ವೇಳೆ ಇದರ ಬೆಲೆ ₹1,22,360 ಆಗಿತ್ತು. ಇದು ಆಗಿನ ರಾಷ್ಟ್ರೀಯ ತಲಾ ವಾರ್ಷಿಕ ಆದಾಯಕ್ಕಿಂತ ಹೆಚ್ಚು. ವಿದೇಶಿ ಬಂದೂಕುಗಳ ಆಮದಿಗೆ ಕಠಿಣ ನಿರ್ಬಂಧವಿರುವುದರಿಂದ ಕಾನೂನುಬದ್ಧವಾದ ಅಗ್ಗದ ಪರ್ಯಾಯಗಳು ವಿರಳ. 1959ರ ಶಸ್ತ್ರಾಸ್ತ್ರ ಕಾಯ್ದೆಯನ್ವಯ ಖರೀದಿಗೆ ಪರವಾನಗಿ ಕಡ್ಡಾಯ. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು ಮತ್ತು ಪೊಲೀಸ್ ಪರಿಶೀಲನೆ ನಡೆಯಬೇಕು.

ಟೀಕೆ

ದೈನಂದಿನ ಅಪಾಯಕ್ಕೆ ಹೆಚ್ಚು ಒಳಗಾಗುವ ಬಡ ಹಾಗೂ ದುಡಿಯುವ ಮಹಿಳೆಯರಿಗೆ ಈ ಬೆಲೆ ನಿಲುಕದು. ಮಹಿಳೆಯರಿಗೆ ಬಂದೂಕು ನೀಡಲು ಮುಂದಾಗುವುದು ಸರ್ಕಾರ ತನ್ನ ವೈಫಲ್ಯವನ್ನು ಒಪ್ಪಿಕೊಂಡಂತೆ ಎಂದು ಮಣಿಪುರ ಮೂಲದ ಶಸ್ತ್ರನಿಯಂತ್ರಣ ಹೋರಾಟಗಾರ್ತಿ ಬೀನಾಲಕ್ಷ್ಮಿ ನೆಪ್ರಮ್ ಟೀಕಿಸಿದರು. ದಾಳಿಯ ವೇಳೆ ಬಂದೂಕು ಹೊಂದಿರುವವರೇ ಗುಂಡಿಗೆ ಬಲಿಯಾಗುವ ಸಂಭವ ಹೆಚ್ಚೆಂಬುದು ಅವರ ವಾದವಾಗಿತ್ತು.