ಒಂದೇ ರಿಪೋರ್ಟಿನ ಎರಡು ಸಾಲುಗಳು

ಡೊಂಬಿವಲಿಯಲ್ಲಿರುವ ನನ್ನ ತಂಗಿಯ ಮಗಳಿಗೆ ಈಗ ಇಪ್ಪತ್ತಾರು. ಅವಳಿಗೆ ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುತ್ತಿತ್ತು. "ಮದುವೆಯಾದರೆ ಎಲ್ಲ ಸರಿಹೋಗುತ್ತದೆ" ಎಂದು ಮನೆಯ ಹಿರಿಯರು ಹೇಳುತ್ತ ಬಂದರು. ಕೊನೆಗೊಮ್ಮೆ ಹೊಟ್ಟೆಯ ಸೋನೋಗ್ರಫಿ ಮಾಡಿಸಿದಳು. ರಿಪೋರ್ಟಿನ ಕೊನೆಯ ಸಾಲಿನಲ್ಲಿ 'ಪಾಲಿಸಿಸ್ಟಿಕ್ ಓವರಿ' ಎಂದಿತ್ತು. ಅದರ ಸುತ್ತ ಪೆನ್ನಿನಿಂದ ಒಂದು ಗೆರೆ. ಅದೇ ಹಾಳೆಯ ಮೊದಲ ಸಾಲಿನಲ್ಲಿ 'ಗ್ರೇಡ್ 1 ಫ್ಯಾಟಿ ಲಿವರ್' ಎಂದೂ ಇತ್ತು. ಅದನ್ನು ಯಾರೂ ಗಮನಿಸಿರಲಿಲ್ಲ. ನಾನು ಕೇಳಿದಾಗ ಅವಳು ನಕ್ಕಳು: "ದೊಡ್ಡಮ್ಮ, ಲಿವರ್ ಕಾಯಿಲೆ ಕುಡಿಯುವವರಿಗಲ್ಲವೆ? ನಾನು ಚಹಾ ಬಿಟ್ಟರೆ ಬೇರೇನೂ ಕುಡಿಯುವುದಿಲ್ಲ!"

ಅವಳ ಮಾತಿನಲ್ಲಿ ತಪ್ಪೇನಿಲ್ಲ. ನಮ್ಮ ಮನೆಗಳಲ್ಲಿ ಲಿವರ್ ಎಂದರೆ ಒಂದೋ ಕುಡಿತ, ಇಲ್ಲವೆ ಕಾಮಾಲೆ ಮತ್ತು ನೆಲನೆಲ್ಲಿ ಕಷಾಯ. ಮುಟ್ಟಿನ ತೊಂದರೆಗೂ ಯಕೃತ್ತಿಗೂ ನಂಟು ಇದೆಯೆಂದು ವೈದ್ಯಲೋಕಕ್ಕೇ ತಿಳಿಯಲು ಬಹಳ ಕಾಲ ಹಿಡಿಯಿತು. ಆ ಚರಿತ್ರೆಯನ್ನು ಇಲ್ಲಿ ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ.

1721ರಲ್ಲಿ ಇಟಲಿಯ ಆಂಟೋನಿಯೋ ವಲ್ಲಿಸ್ನೇರಿ ಎಂಬ ವೈದ್ಯ, ಮಕ್ಕಳಾಗದ ಒಬ್ಬ ರೈತ ಹೆಂಗಸಿನ ಬಗ್ಗೆ ಬರೆದಿಟ್ಟ. ತುಸು ಮೈತುಂಬಿಕೊಂಡಿದ್ದ ಆಕೆಯ ಅಂಡಾಶಯಗಳು ಪಾರಿವಾಳದ ಮೊಟ್ಟೆಯಂತೆ ಬೆಳ್ಳಗೆ, ಉಬ್ಬುಬ್ಬಾಗಿ ಇದ್ದವಂತೆ. ಇನ್ನೂರು ವರ್ಷ ಕಳೆದ ಮೇಲೆ, 1935ರಲ್ಲಿ, ಅಮೆರಿಕದ ಶಿಕಾಗೋ ನಗರದ ಇಬ್ಬರು ವೈದ್ಯರು, ಸ್ಟೈನ್ ಮತ್ತು ಲೆವೆಂತಾಲ್, ಇಂಥದೇ 7 ಹೆಂಗಸರ ವಿವರ ಪ್ರಕಟಿಸಿದರು. ಅಂಡಾಶಯದ ಒಂದು ತುಂಡನ್ನು ಕತ್ತರಿಸಿ ತೆಗೆದಾಗ ಏಳೂ ಮಂದಿಗೆ ಮುಟ್ಟು ಸರಿಯಾಯಿತು, ಇಬ್ಬರು ಗರ್ಭಿಣಿಯರಾದರು. ಹೀಗಾಗಿ ಇದು ಅಂಡಾಶಯದ್ದೇ ಕಾಯಿಲೆ ಎಂಬ ನಂಬಿಕೆ ಬೇರೂರಿತು. 'ಪಾಲಿಸಿಸ್ಟಿಕ್' ಎಂಬ ಹೆಸರೂ ಅಂಟಿಕೊಂಡಿತು. ನಿಜಕ್ಕೂ ಅವು ಗಂಟುಗಳಲ್ಲ; ಪೂರ್ತಿ ಬಲಿಯದೆ ಅರ್ಧಕ್ಕೆ ನಿಂತ ಅಂಡಚೀಲಗಳು.

ಆಗಲೇ ಎರಡು ಸುಳಿವುಗಳಿದ್ದವು. 1921ರಲ್ಲಿ ಫ್ರಾನ್ಸಿನ ಅಷಾರ್ ಮತ್ತು ಟಿಯೇರ್ ಎಂಬ ವೈದ್ಯರು ಗಡ್ಡ ಬರುವ ಹೆಂಗಸರಲ್ಲಿ ಸಕ್ಕರೆ ಕಾಯಿಲೆ ಇರುವುದನ್ನು ಗುರುತಿಸಿದ್ದರು. 1930ರ ದಶಕದಲ್ಲಿ ಜರ್ಮನಿಯ ಸ್ತ್ರೀರೋಗ ತಜ್ಞ ಬರ್ನ್‌ಹಾರ್ಡ್ ಝೊಂಡೆಕ್, ಈಸ್ಟ್ರೋಜನ್ ಹಾರ್ಮೋನಿನ ಶಕ್ತಿಯನ್ನು ಯಕೃತ್ತು ಕುಂದಿಸುತ್ತದೆ ಎಂದು ತೋರಿಸಿದ್ದ. ಅಂದರೆ ಹಾರ್ಮೋನು ತಯಾರಾಗುವುದು ಒಂದು ಕಡೆ, ಅದರ ಲೆಕ್ಕ ಚುಕ್ತಾ ಆಗುವುದು ಇನ್ನೊಂದು ಕಡೆ. ಆದರೆ ಈ ಸುಳಿವುಗಳನ್ನು ಒಟ್ಟಿಗಿಟ್ಟು ನೋಡುವವರಿರಲಿಲ್ಲ.

ನನಗೆ ಬಹಳ ಸೋಜಿಗವೆನಿಸುವ ವರ್ಷ 1980. ಆ ವರ್ಷ ಅಮೆರಿಕದಲ್ಲಿ ಎರಡು ಪ್ರಬಂಧಗಳು ಬೇರೆ ಬೇರೆ ಪತ್ರಿಕೆಗಳಲ್ಲಿ ಬಂದವು. ಒಂದರಲ್ಲಿ ಬರ್ಗೆನ್ ಮತ್ತು ಸಂಗಡಿಗರು, ಈ ತೊಂದರೆಯಿರುವ ಹೆಂಗಸರ ರಕ್ತದಲ್ಲಿ ಇನ್ಸುಲಿನ್ ಹೆಚ್ಚಿದಷ್ಟೂ ಗಂಡು ಹಾರ್ಮೋನು ಹೆಚ್ಚಿರುವುದನ್ನು ಕಂಡರು. ಇನ್ನೊಂದರಲ್ಲಿ ಮೇಯೋ ಕ್ಲಿನಿಕ್‌ನ ಯುರ್ಗನ್ ಲುಡ್ವಿಗ್ ಮತ್ತು ಸಂಗಡಿಗರು, ಕುಡಿಯದ 20 ರೋಗಿಗಳ ಯಕೃತ್ತು ಕುಡುಕರ ಯಕೃತ್ತಿನ ಹಾಗೆಯೇ ಕೆಟ್ಟಿರುವುದನ್ನು ವಿವರಿಸಿದರು. ಅವರಲ್ಲಿ ಹೆಂಗಸರೇ ಹೆಚ್ಚು. ಕಾರಣ ತಿಳಿಯದ್ದರಿಂದ 'ಮದ್ಯದ್ದಲ್ಲದ' ಕಾಯಿಲೆ ಎಂದೇ ಹೆಸರಿಟ್ಟರು. ಒಂದು ಪ್ರಬಂಧ ಹಾರ್ಮೋನು ತಜ್ಞರ ಕಪಾಟು ಸೇರಿತು, ಇನ್ನೊಂದು ಹೊಟ್ಟೆ ರೋಗ ತಜ್ಞರ ಕಪಾಟು ಸೇರಿತು. ಇಬ್ಬರೂ ವರ್ಣಿಸುತ್ತಿದ್ದ ಹೆಣ್ಣು ಎಷ್ಟೋ ಸಲ ಒಬ್ಬಳೇ ಆಗಿರಬಹುದೆಂದು ಯಾರಿಗೂ ಹೊಳೆಯಲಿಲ್ಲ.

ನಡುವಿನ ಸೇತುವೆ ಇನ್ಸುಲಿನ್. ದೇಹ ಇನ್ಸುಲಿನ್ನಿನ ಮಾತು ಕೇಳದಿದ್ದಾಗ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಹೆಚ್ಚಾದ ಇನ್ಸುಲಿನ್ ಅಂಡಾಶಯಕ್ಕೆ ಹೋಗಿ ಗಂಡು ಹಾರ್ಮೋನನ್ನು ಹೆಚ್ಚಿಸುತ್ತದೆ. ಯಕೃತ್ತಿಗೆ ಹೋಗಿ ಕೊಬ್ಬನ್ನು ತಯಾರಿಸುತ್ತದೆ. ರಕ್ತದಲ್ಲಿ ಓಡಾಡುವ ಗಂಡು ಹಾರ್ಮೋನನ್ನು ಕಟ್ಟಿಹಾಕುವ ಒಂದು ಪ್ರೋಟೀನು ತಯಾರಾಗುವುದೂ ಯಕೃತ್ತಿನಲ್ಲೇ. ಇನ್ಸುಲಿನ್ ಹೆಚ್ಚಿದಾಗ ಆ ಪ್ರೋಟೀನು ಕಡಿಮೆಯಾಗುತ್ತದೆ. ಆಗ ಹಾರ್ಮೋನು ಹಗ್ಗ ಬಿಚ್ಚಿದ ಹೋರಿಯಂತೆ: ಮುಖದ ಮೇಲೆ ಮೊಡವೆ, ಗಲ್ಲದ ಮೇಲೆ ಕೂದಲು, ತಪ್ಪುವ ಮುಟ್ಟು.

ಎರಡು ಕಪಾಟುಗಳು ಸೇರಿದ್ದು ಈ ಶತಮಾನದಲ್ಲಿ. 2006ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವೈದ್ಯರು ಪಿಸಿಒಎಸ್ ಇದ್ದ 200 ಹೆಂಗಸರ ದಾಖಲೆ ತೆಗೆದು ನೋಡಿದಾಗ, ಶೇ. 15ರಷ್ಟು ಮಂದಿಯಲ್ಲಿ ಯಕೃತ್ತಿನ ಕಿಣ್ವಗಳು ಏರಿದ್ದವು. ಬಯಾಪ್ಸಿ ಮಾಡಿದ 6 ಮಂದಿಯಲ್ಲೂ ಯಕೃತ್ತಿನಲ್ಲಿ ಕೊಬ್ಬಿನ ಜೊತೆಗೆ ಉರಿಯೂತ ಕಂಡಿತು. ಅವರೆಲ್ಲ ಮುಟ್ಟಿನ, ಮಕ್ಕಳಾಗುವ ಚಿಂತೆಯ ವಯಸ್ಸಿನವರು. ಲಿವರಿನ ಚಿಂತೆಯ ವಯಸ್ಸಿನವರಲ್ಲ.

ನಮ್ಮ ಹತ್ತಿರಕ್ಕೆ ಬರೋಣ. ಪರೇಲಿನಲ್ಲಿರುವ ಐಸಿಎಂಆರ್‌ನ ಸಂತಾನೋತ್ಪತ್ತಿ ಆರೋಗ್ಯ ಸಂಶೋಧನಾ ಸಂಸ್ಥೆ ಮುಂಬಯಿಯ 15ರಿಂದ 24 ವರ್ಷದ ಹುಡುಗಿಯರಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಮಾನದಂಡದ ಪ್ರಕಾರ ಶೇ. 22.5, ಇನ್ನೂ ಬಿಗಿಯಾದ ಮಾನದಂಡದ ಪ್ರಕಾರ ಶೇ. 10.7 ಮಂದಿಗೆ ಪಿಸಿಒಎಸ್ ಇತ್ತು. ಮೊದಲ ಮಾನದಂಡದಲ್ಲಿ ಸಿಕ್ಕವರಲ್ಲಿ ಶೇ. 70ಕ್ಕೂ ಹೆಚ್ಚು ಮಂದಿ ದಪ್ಪಗಿರಲಿಲ್ಲ! "ತೆಳ್ಳಗಿದ್ದೇನೆ, ನನಗೇನು" ಎನ್ನುವ ನಮ್ಮ ಸಮಾಧಾನಕ್ಕೆ ಪುಣೆಯ ಡಾ. ಯಾಜ್ಞಿಕ್ 2004ರಲ್ಲೇ ಉತ್ತರ ಕೊಟ್ಟಿದ್ದರು. ಅವರೂ ಲಂಡನ್ನಿನ ಡಾ. ಯುಡ್ಕಿನ್ ಅವರೂ ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲಿ ಸರಿಸಮ, ಇಬ್ಬರದೂ 22.3. ಆದರೆ ಮೈಯೊಳಗಿನ ಕೊಬ್ಬು ಯುಡ್ಕಿನ್ ಅವರದು ಶೇ. 9.1, ಯಾಜ್ಞಿಕರದು ಶೇ. 21.2. ಭಾರತೀಯರ ಕೊಬ್ಬು ಕನ್ನಡಿಯಲ್ಲಿ ಕಾಣುವುದಿಲ್ಲ, ಹೊಟ್ಟೆಯೊಳಗೆ ಅಡಗಿ ಕೂರುತ್ತದೆ.

ಮೇಲಿಂದ ನಮ್ಮ ದಿನಚರಿ. 1853ರಲ್ಲಿ ಥಾಣೆಗೆ, 1854ರಲ್ಲಿ ಕಲ್ಯಾಣಕ್ಕೆ ಬಂದ ರೈಲು ಇಂದು ನಮ್ಮ ಊಟ ನಿದ್ದೆಗಳ ಹೊತ್ತನ್ನೇ ಗೊತ್ತುಮಾಡುತ್ತಿದೆ. ಬೆಳಿಗ್ಗೆ ತಿಂಡಿ ತಪ್ಪಿಸಿ ಫಾಸ್ಟ್ ಲೋಕಲ್ ಹಿಡಿಯುವುದು, ಸಂಜೆ ಸ್ಟೇಷನ್ನಿನ ವಡಾಪಾವ್, ರಾತ್ರಿ ಹತ್ತಕ್ಕೆ ಅನ್ನ. ಐರೋಲಿ, ಮಹಾಪೆಯ ಕಚೇರಿಗಳಲ್ಲಿ ರಾತ್ರಿ ಪಾಳಿ ಮಾಡುವ ನಮ್ಮ ಹುಡುಗಿಯರಿಗೆ ನಿದ್ದೆಯೂ ಇಲ್ಲ.

ನಾವು ನಡುವಯಸ್ಸಿನವರೂ ಇದರಿಂದ ಹೊರಗಿಲ್ಲ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ನಿನ ರಕ್ಷಣೆ ಕಡಿಮೆಯಾಗಿ ಯಕೃತ್ತಿನಲ್ಲಿ ಕೊಬ್ಬು ಸೇರುವುದು ಹೆಚ್ಚುತ್ತದೆ. ಥೈರಾಯ್ಡ್ ಕುಂದಿದವರಲ್ಲಿಯೂ ಹಾಗೆಯೇ.

ಹೆಸರುಗಳು ಈಗ ಬದಲಾಗುತ್ತಿವೆ. 2021ರಲ್ಲಿ ಭಾರತ ಸರಕಾರ ಫ್ಯಾಟಿ ಲಿವರನ್ನು ಸಕ್ಕರೆ ಕಾಯಿಲೆ, ಹೃದ್ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು. 2023ರಲ್ಲಿ ಜಗತ್ತಿನ ಲಿವರ್ ತಜ್ಞರು ಹಳೆಯ ಹೆಸರಿನಿಂದ ಮದ್ಯದ ಮಾತನ್ನೇ ತೆಗೆದು, ದೇಹದ ಚಯಾಪಚಯಕ್ಕೆ ಸೇರಿದ ಕಾಯಿಲೆ ಎಂಬ ಅರ್ಥದ ಹೆಸರಿಟ್ಟರು. ಕುಡಿಯದ ಹೆಣ್ಣುಮಗಳು ತಲೆತಗ್ಗಿಸಬೇಕಾದ ಕಾರಣ ಇನ್ನಿಲ್ಲ.

ಮುಟ್ಟಿನ ಬಗ್ಗೆ ಕನ್ನಡದಲ್ಲಿ ಸಂಕೋಚವಿಲ್ಲದೆ ಮಾತನಾಡಲು ಡಾ. ಅನುಪಮಾ ನಿರಂಜನರ 'ಕೇಳು ಕಿಶೋರಿ' ನಮ್ಮ ತಲೆಮಾರಿಗೆ ಕಲಿಸಿತು. ಇನ್ನು ಯಕೃತ್ತಿನ ಮಾತನ್ನೂ ಅಷ್ಟೇ ಸಲೀಸಾಗಿ ಆಡಬೇಕಾಗಿದೆ. ಅದು ನೋಯುವುದಿಲ್ಲ, ಕೂಗುವುದಿಲ್ಲ. ಕೆಟ್ಟು ಗಟ್ಟಿಯಾದ ಮೇಲೆಯೇ ತಿಳಿಯುವುದು. ಆದರೆ ಆರಂಭದಲ್ಲಿ ಎಚ್ಚರಗೊಂಡರೆ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುವ ಗುಣ ಅದಕ್ಕಿದೆ. ಭಾರ ಹೆಚ್ಚಿದ್ದವರು ದೇಹದ ತೂಕದ ಶೇ. 7ರಿಂದ 10ರಷ್ಟು ಇಳಿಸಿದರೆ ಯಕೃತ್ತಿನ ಕೊಬ್ಬು, ಉರಿಯೂತ ಎರಡೂ ತಗ್ಗುತ್ತವೆ. ಅದಕ್ಕಿಂತ ಕಡಿಮೆ ಇಳಿದರೂ ಎಷ್ಟೋ ಜನರ ಮುಟ್ಟು ದಾರಿಗೆ ಬರುತ್ತದೆ. ಒಂದೇ ಮದ್ದು, ಎರಡು ಕಡೆ ಗುಣ.

ತಂಗಿಯ ಮಗಳು ಈಗ ಸಕ್ಕರೆ, ಕೊಲೆಸ್ಟರಾಲ್, ಎಸ್‌ಜಿಪಿಟಿ ಪರೀಕ್ಷೆ ಮಾಡಿಸಿದ್ದಾಳೆ. ಸಂಜೆ ಸ್ಟೇಷನ್ನಿನಿಂದ ಮನೆಗೆ ರಿಕ್ಷಾ ಬಿಟ್ಟು ನಡೆದೇ ಬರುತ್ತಾಳೆ. ಮುಟ್ಟು ಪೂರ್ತಿ ಸರಿಯಾಗಿಲ್ಲ, ಸರಿಯಾಗುತ್ತಿದೆ. ನಿಮ್ಮ ಮನೆಯ ಕಪಾಟಿನಲ್ಲೂ ಮಗಳದೋ ಸೊಸೆಯದೋ ನಿಮ್ಮದೋ ಒಂದು ಹಳೆಯ ಸೋನೋಗ್ರಫಿ ರಿಪೋರ್ಟು ಇದ್ದೀತು. ಇವತ್ತು ತೆಗೆದು ನೋಡಿ. ಗೆರೆ ಎಳೆದ ಸಾಲನ್ನಷ್ಟೇ ಅಲ್ಲ, ಮೊದಲ ಸಾಲಿನಿಂದ ಓದಿ. ಮುಂದಿನ ಸಲ ಡಾಕ್ಟರ ಬಳಿಗೆ ಹೋಗುವಾಗ ಆ ಹಾಳೆಯೂ ನಿಮ್ಮ ಚೀಲದಲ್ಲಿರಲಿ.